ಬೆಟ್ಟದ ಬೇಟೆಗೆ ಹಗುರ ರೈಫಲ್: ಆರಿಸುವ ಮುನ್ನ ತೂಗಿ ನೋಡಬೇಕಾದದ್ದು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಹೋಗಿ ಕೊಲೊರಾಡೊದಲ್ಲೋ ಮೊಂಟಾನಾದಲ್ಲೋ ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲೋ ನೆಲೆಸಿದ ನಮ್ಮವರು ಈಗ ಕಡಿಮೆಯೇನಿಲ್ಲ. ಅಜ್ಜಂದಿರ ಶಿಕಾರಿ ಕಥೆ ಕೇಳುತ್ತಾ ಬೆಳೆದವರಿಗೆ ಅಲ್ಲಿ ಕಾನೂನಿನ ಚೌಕಟ್ಟಿನಲ್ಲೇ ಬೇಟೆಗೆ ಹೋಗುವ ಅವಕಾಶ ಸಿಗುತ್ತದೆ. ರಜೆಗೆ ಊರಿಗೆ ಬಂದಾಗ ಅವರು ಕೇಳುವ ಮೊದಲ ಪ್ರಶ್ನೆ ಒಂದೇ: ಬೆಟ್ಟ ಹತ್ತಲು ಯಾವ ರೈಫಲ್ ಒಳ್ಳೆಯದು? ನಾನೂ ಬಹುಕಾಲ ಕೊಲೊರಾಡೊದಲ್ಲಿದ್ದು ಮಲೆನಾಡಿಗೆ ಮರಳಿದವನು. ಅಲ್ಲಿನ ಅಂಗಡಿಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದೇ ಎಲ್ಲಕ್ಕಿಂತ ಒಳ್ಳೆಯದು ಎಂಬಂತೆ ಮಾರುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಬೆಟ್ಟಕ್ಕೆ ಹಗುರ ರೈಫಲ್ ಬೇಕು, ನಿಜ. ಆದರೆ ಏದುಸಿರು ಬಿಡುತ್ತಾ ಕುಳಿತವನ ಕೈಯಲ್ಲಿ ಅಲುಗಾಡದೆ ನಿಲ್ಲುವಷ್ಟು ತೂಕವೂ ಅದರಲ್ಲಿ ಉಳಿದಿರಬೇಕು. ಮುಂದೆ ಹೇಳುವುದೆಲ್ಲ ಈ ಎರಡರ ನಡುವಿನ ಹದವನ್ನು ಹುಡುಕುವ ಬಗ್ಗೆ.

ಮೊದಲು ಕಾನೂನು

ಈ ಲೇಖನ ಓದಿ ಯಾರೂ ಮಲೆನಾಡಿನ ಕಾಡಿನತ್ತ ಮುಖ ಮಾಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಲ್ಲಿ ಶಿಕಾರಿ ಅಪರಾಧ. ಭದ್ರಾ, ಶೆಟ್ಟಿಹಳ್ಳಿ, ಶರಾವತಿ ಕಣಿವೆಯ ಅಭಯಾರಣ್ಯಗಳಲ್ಲಿ ಮಾತ್ರವಲ್ಲ, ನಿಮ್ಮದೇ ತೋಟದ ಅಂಚಿನಲ್ಲಿ ಕಡವೆ ಬಂದು ನಿಂತರೂ ಕಾನೂನು ಅದೇ. ನಮ್ಮ ಅನೇಕ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಗೆ ಕೋವಿ ಇದೆ, ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಿ ಬರುವ ರೂಢಿಯೂ ಇದೆ. ಆ ಪರವಾನಗಿ ಬೇಟೆಗೆ ಅನುಮತಿಯಲ್ಲ. ವಿದೇಶದಲ್ಲಿ ಕೊಂಡ ರೈಫಲನ್ನು ಊರಿಗೆ ತರುವ ಯೋಚನೆಯನ್ನೂ ಬಿಡಿ. ಅದು ಅಲ್ಲಿಯ ಬೆಟ್ಟಕ್ಕೆ ಕೊಂಡದ್ದು, ಅಲ್ಲಿಯೇ ಇರಲಿ.

ಅಮೆರಿಕದಲ್ಲಿ ಇರುವವರು ತಮ್ಮ ವೀಸಾ ಯಾವುದೆಂದು ನೋಡಿಕೊಳ್ಳಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ತೊಡಕಿಲ್ಲ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಲ್ಲಿನ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಕೈಯಲ್ಲಿ ಇದ್ದವರಿಗೆ ಅದರಿಂದ ವಿನಾಯಿತಿ ಇದೆ. ಅಂದರೆ ಪರವಾನಗಿ ಮೊದಲು, ರೈಫಲ್ ಆಮೇಲೆ. ಪರವಾನಗಿಯ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಸಂದೇಹವಿದ್ದರೆ ವಕೀಲರನ್ನು ಕೇಳಿ, ಗೆಳೆಯರನ್ನಲ್ಲ. ಕೊಲೊರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಪ್ರತಿಯೊಬ್ಬರೂ ಬೇಟೆ ಶಿಕ್ಷಣದ ತರಗತಿ ಮುಗಿಸಿರಬೇಕು. ನ್ಯೂಜಿಲೆಂಡಿನಲ್ಲಿ ಬಂದೂಕಿನ ಪರವಾನಗಿ ಬೇರೆ, ಸಂರಕ್ಷಣಾ ಇಲಾಖೆಯ ಜಮೀನಿನಲ್ಲಿ ಬೇಟೆಯಾಡುವ ಅನುಮತಿ ಬೇರೆ, ಎರಡೂ ಬೇಕು.

ಯಾವ ಪ್ರಾಣಿ, ಎಂಥ ಬೆಟ್ಟ

ರೈಫಲಿನ ಹೆಸರು ಹುಡುಕುವ ಮುನ್ನ ಎಲ್ಲಿಗೆ ಹೋಗುತ್ತೀರಿ, ಯಾವ ಪ್ರಾಣಿಗೆ ಎಂದು ನಿರ್ಧರಿಸಿ. ನಮ್ಮ ಕಡವೆಯ ಕುಟುಂಬಕ್ಕೇ ಸೇರಿದ ಎಲ್ಕ್ ಪ್ರಾಣಿಯ ದೊಡ್ಡ ಗಂಡು 300 ಕಿಲೋ ದಾಟುತ್ತದೆ. ಕೊಲೊರಾಡೊದಲ್ಲಿ ಅದು ಸಿಗುವುದು ಹೆಚ್ಚಾಗಿ 2,500ರಿಂದ 3,500 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್ ಎಂದರೆ ಉಸಿರಿನ ಕಷ್ಟವನ್ನು ಊಹಿಸಿಕೊಳ್ಳಿ. ನ್ಯೂಜಿಲೆಂಡಿನಲ್ಲಿ ಕೆಂಪು ಜಿಂಕೆ ಮತ್ತು ಬೆಟ್ಟದ ಮೇಕೆಯಂಥ ಶಾಮ್ವಾ ಇವೆ. ಜೊತೆಗೆ ನಮ್ಮ ಹಿಮಾಲಯದಿಂದಲೇ ಮೂಲ ಪಡೆದ ತಾರ್ ಇದೆ. 1904ರಲ್ಲಿ ಅಲ್ಲಿ ಬಿಟ್ಟ ಈ ಕಾಡುಮೇಕೆ ಈಗ ಹುಲ್ಲು ಮತ್ತು ಬಂಡೆಯ ಕಡಿದಾದ ಇಳಿಜಾರಿನಲ್ಲಿ ತುಂಬಿಕೊಂಡಿದೆ. ತಾರ್ ಬೇಟೆಯಲ್ಲಿ ಹೊಡೆತ ದೂರದ್ದು, ನಡಿಗೆ ಕಡಿದು, ಪ್ರಾಣಿ ಮಧ್ಯಮ ಗಾತ್ರದ್ದು. ಎಲ್ಕ್ ಬೇಟೆಯಲ್ಲಿ ಮರಗಳ ನಡುವೆ 100 ಮೀಟರಿನಲ್ಲೂ ಸಿಗಬಹುದು, ಬೆಟ್ಟದ ಬಯಲಿನಲ್ಲಿ 300 ಮೀಟರಿನಲ್ಲೂ ಸಿಗಬಹುದು. ಎರಡಕ್ಕೂ ಒಂದೇ ರೈಫಲ್ ಸಾಕು. ಆದರೆ ಗುಂಡಿನ ಆಯ್ಕೆ ಬೇರೆಯಾಗುತ್ತದೆ.

ತೂಕದ ಲೆಕ್ಕ

ತಯಾರಕರು ಬರೆಯುವ ತೂಕ ಬರಿಯ ರೈಫಲಿನದು. ನೀವು ಹೊರುವುದು ಅದನ್ನಲ್ಲ. ಉದಾಹರಣೆಗೆ 2.8 ಕಿಲೋ ರೈಫಲ್ ತೆಗೆದುಕೊಳ್ಳಿ. ಮೇಲಿನ ದುರ್ಬೀನು 400 ಗ್ರಾಂ, ಅದನ್ನು ಹಿಡಿದಿಡುವ ಬಳೆಗಳು 100ಕ್ಕೂ ಹೆಚ್ಚು, ಹೆಗಲಪಟ್ಟಿ 100, ನಾಲ್ಕು ತೋಟಾ ಇನ್ನೊಂದು 100. ಒಟ್ಟು 3.5 ಕಿಲೋ. ಹೋಲಿಸುವಾಗ ಯಾವಾಗಲೂ ಈ ಒಟ್ಟು ತೂಕವನ್ನೇ ಹೋಲಿಸಿ. 2.2 ಕಿಲೋ ರೈಫಲಿಗೆ 900 ಗ್ರಾಮಿನ ದೊಡ್ಡ ದುರ್ಬೀನು ಹಾಕಿಸಿಕೊಂಡು ಬೆನ್ನು ತಟ್ಟಿಕೊಳ್ಳುವವರನ್ನು ಕಂಡಿದ್ದೇನೆ. ಹಗುರಕ್ಕೆ ಕೊಟ್ಟ ಹಣವೆಲ್ಲ ಅಲ್ಲಿಗೇ ಹೋಯಿತು.

ಒಟ್ಟು 3.2ರಿಂದ 3.6 ಕಿಲೋ ಎಂಬುದು ನನ್ನ ಶಿಫಾರಸು. ನಾಲ್ಕು ಕಿಲೋ ದಾಟಿದರೆ ಐದನೆಯ ದಿನ ಹೆಗಲು ನೆನಪಿಸುತ್ತದೆ. ಮೂರಕ್ಕಿಂತ ಕೆಳಗೆ ಇಳಿದರೆ ಎರಡು ತೊಂದರೆ ಒಟ್ಟಿಗೆ ಬರುತ್ತವೆ.

ಒಂದು, ಒದೆತ. ಅದೇ ತೋಟಾ ಹಾಕಿದಾಗ ಒದೆತದ ಶಕ್ತಿ ರೈಫಲಿನ ತೂಕಕ್ಕೆ ವಿಲೋಮವಾಗಿ ಏರುತ್ತದೆ. ಒಟ್ಟು 3.4 ಕಿಲೋ ತೂಗುವ, .308 ತೋಟಾದ ರೈಫಲಿನಲ್ಲಿ 150 ಗ್ರೇನ್ (ಸುಮಾರು 10 ಗ್ರಾಂ) ಗುಂಡು ಹಾರಿಸಿದರೆ ಭುಜಕ್ಕೆ ಬರುವುದು ಸುಮಾರು 23 ಜೂಲ್. ಅದೇ ತೋಟಾ 2.7 ಕಿಲೋ ರೈಫಲಿನಲ್ಲಿ 28 ಜೂಲ್ ದಾಟುತ್ತದೆ. ತೂಕ ಐದರಲ್ಲಿ ಒಂದು ಪಾಲು ಇಳಿಯಿತು, ಒದೆತ ನಾಲ್ಕರಲ್ಲಿ ಒಂದು ಪಾಲು ಏರಿತು. ಅಷ್ಟೇ ಹಗುರದ ರೈಫಲ್ ಹೆಚ್ಚು ಮದ್ದಿನ .300 ವಿಂಚೆಸ್ಟರ್ ಮ್ಯಾಗ್ನಂ ತೋಟಾದ್ದಾದರೆ 50 ಜೂಲ್ ಮೀರುತ್ತದೆ. ಅಷ್ಟು ಒದೆತ ತಿಂದವನು ಮುಂದಿನ ಸಲ ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚುತ್ತಾನೆ. ಪ್ರಾಣಿ ಗಾಯಗೊಂಡು ತಪ್ಪಿಸಿಕೊಳ್ಳುವುದು ಹೀಗೆ. ಬೇಟೆಯಲ್ಲಿ ಇದಕ್ಕಿಂತ ದೊಡ್ಡ ಪಾಪ ನನಗೆ ಗೊತ್ತಿಲ್ಲ.

ಎರಡು, ಅಲುಗಾಟ. ಏರು ಹತ್ತಿ ಬಂದವನ ಎದೆಬಡಿತ ಹಗುರ ರೈಫಲನ್ನು ಬೇಗ ಕದಲಿಸುತ್ತದೆ. ತೂಕವಿದ್ದರೆ ಅದು ತಾನಾಗಿ ಒಂದಿಷ್ಟು ನಿಲ್ಲುತ್ತದೆ, ಅದರಲ್ಲೂ ತೂಕ ನಳಿಗೆಯ ಕಡೆಗೆ ಸ್ವಲ್ಪ ವಾಲಿದ್ದರೆ. ಅಂಗಡಿಯಲ್ಲಿ ಎತ್ತಿ ನೋಡುವಾಗ ನಳಿಗೆಯ ತುದಿ ಗಾಳಿಯಲ್ಲಿ ತೇಲುವಂತೆ ಅನಿಸಿದರೆ ಮೆಚ್ಚಿಕೊಳ್ಳಬೇಡಿ.

ರಜೆಗೆ ಊರಿಗೆ ಬಂದವರು ಇದನ್ನು ಕಾಲಿನಲ್ಲೇ ಪರೀಕ್ಷಿಸಬಹುದು. ನಿಮ್ಮ ಮಾಮೂಲಿ ಚೀಲದ ಜೊತೆಗೆ 3.5 ಕಿಲೋ ಮರಳಿನ ಪೊಟ್ಟಣ ಇಟ್ಟುಕೊಂಡು ಹಿಡ್ಲುಮನೆ ಜಲಪಾತದ ದಾರಿಯಿಂದ ಕೊಡಚಾದ್ರಿ ಹತ್ತಿ. ಶಿಖರ 1,343 ಮೀಟರ್. ಏರು ನಿಜವಾದ ಏರು. ಇನ್ನೊಂದು ದಿನ ಅದೇ ದಾರಿಯನ್ನು 4.5 ಕಿಲೋದೊಂದಿಗೆ ಹತ್ತಿ. ಒಂದು ಕಿಲೋ ವ್ಯತ್ಯಾಸ ನಿಮ್ಮ ದೇಹಕ್ಕೆ ಎಷ್ಟು ಎಂಬುದು ಯಾವ ಜಾಹೀರಾತಿಗಿಂತ ಚೆನ್ನಾಗಿ ತಿಳಿಯುತ್ತದೆ. ಹಲವರಿಗೆ ಅದಕ್ಕಿಂತ ಸೊಂಟದ ಸುತ್ತಿನ ಕೊಬ್ಬು ಭಾರವೆಂದು ಗೊತ್ತಾಗುತ್ತದೆ. 600 ಗ್ರಾಂ ಉಳಿಸಲು ಸಾವಿರ ಡಾಲರ್ ಹೆಚ್ಚು ಕೊಡುವ ಮುನ್ನ ಆರು ತಿಂಗಳು ಬೆಟ್ಟ ಹತ್ತಿದರೆ ಲಾಭ ಹೆಚ್ಚು. ಎಲ್ಕ್ ಬಿದ್ದ ಮೇಲೆ ಅದರ ಮಾಂಸವನ್ನು ಹಲವು ಸಲ ಹೊತ್ತು ಇಳಿಸಬೇಕಾದವರೂ ನೀವೇ.

ತೋಟಾ

ಅಲ್ಲಿನ ಕಾನೂನು ಕೆಳಮಿತಿ ಹಾಕುತ್ತದೆ. ಕೊಲೊರಾಡೊದಲ್ಲಿ ದೊಡ್ಡ ಪ್ರಾಣಿಗೆ ಕನಿಷ್ಠ .24 ಬೋರ್ (ನಳಿಗೆಯ ರಂಧ್ರ .24 ಇಂಚು) ಇರಬೇಕು; ಎಲ್ಕ್‌ಗೆ ಗುಂಡು 85 ಗ್ರೇನ್‌ಗಿಂತ ಕಡಿಮೆ ಇರಬಾರದು, ತಾಗಿದಾಗ ಅರಳುವಂಥದ್ದಾಗಿರಬೇಕು. ಕೆಳಮಿತಿಯಲ್ಲೇ ನಿಲ್ಲಬೇಡಿ.

ಹಗುರ ರೈಫಲಿಗೆ ನನ್ನ ಮೊದಲ ಆಯ್ಕೆ 1980ರಲ್ಲಿ ಮಾರುಕಟ್ಟೆಗೆ ಬಂದ 7ಎಂಎಂ-08 ರೆಮಿಂಗ್ಟನ್. ಒದೆತ ಸಹಿಸಬಹುದಾದದ್ದು, 140 ಗ್ರೇನ್ ಗುಂಡು ಎಲ್ಕ್‌ಗೂ ಸಾಕು. ಸಣ್ಣ ಅಂಗಡಿಗಳಲ್ಲಿ ಅದರ ತೋಟಾ ಸಿಗುವುದು ಕಷ್ಟವಾದರೆ .308 ವಿಂಚೆಸ್ಟರ್ ತೆಗೆದುಕೊಳ್ಳಿ. 1952ರಿಂದ ಇದೆ, ಬೆಟ್ಟದ ಬುಡದ ಯಾವ ಊರಿನಲ್ಲೂ ಸಿಗುತ್ತದೆ. 6.5 ಕ್ರೀಡ್‌ಮೂರ್ ಒದೆತದಲ್ಲಿ ಇನ್ನೂ ಮೃದು. ತಾರ್, ಶಾಮ್ವಾ, ಜಿಂಕೆಗೆ ಅದು ಬಹಳ ಒಳ್ಳೆಯದು. ಎಲ್ಕ್‌ಗೆ ಬಳಸಿದರೆ ದೂರಕ್ಕೆ ಮಿತಿ ಹಾಕಿಕೊಳ್ಳಿ. 1925ರ .270 ವಿಂಚೆಸ್ಟರ್ ಇಂದಿಗೂ ಹಳತಾಗಿಲ್ಲ, ಆದರೆ ಅದಕ್ಕೆ ಉದ್ದನೆಯ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಬಿಗಿಯುವ ಸರಳು) ಬೇಕಾದ್ದರಿಂದ ಸ್ವಲ್ಪ ತೂಕ ಸೇರುತ್ತದೆ. ಮೇಲೆ ಹೇಳಿದ ಮೂರೂ ಗಿಡ್ಡ ತೋಟಾಗಳು, ರೈಫಲಿನ ಮೈ ಚಿಕ್ಕದಾಗುತ್ತದೆ. ಮ್ಯಾಗ್ನಂ ಬೇಕೇ ಬೇಕು ಎನ್ನುವವರು ಒಟ್ಟು ತೂಕವನ್ನು ನಾಲ್ಕು ಕಿಲೋ ಹತ್ತಿರ ಇಟ್ಟುಕೊಳ್ಳಿ.

ಗುಂಡಿನ ಹೆಸರಿಗಿಂತ ಗುಂಡಿನ ಕಟ್ಟು ಮುಖ್ಯ. ಒಳಗಿನ ಸೀಸ ಹೊರಗಿನ ತಾಮ್ರಕ್ಕೆ ಬೆಸೆದುಕೊಂಡ ಗುಂಡು, ಇಲ್ಲವೇ ಪೂರ್ತಿ ತಾಮ್ರದ ಗುಂಡು ಆರಿಸಿ; ಎಲುಬಿಗೆ ತಾಗಿದರೂ ಚೂರಾಗದೆ ಒಳಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತೆಯೇ ಇಲ್ಲ. ತಾಮ್ರದ ಗುಂಡು ಉದ್ದವಾಗಿರುವುದರಿಂದ ಅದನ್ನು ಸ್ಥಿರವಾಗಿ ತಿರುಗಿಸಲು ನಳಿಗೆಯ ಒಳಸುತ್ತು ಬಿಗಿಯಾಗಿರಬೇಕು. 6.5ರ ನಳಿಗೆಯಲ್ಲಿ ಎಂಟು ಇಂಚಿಗೆ ಒಂದು ಸುತ್ತು ಎಂದಿದ್ದರೆ ನಿಶ್ಚಿಂತೆ.

ಬೋಲ್ಟ್ ಮತ್ತು ನಳಿಗೆ

ಬೋಲ್ಟ್‌ಗಳಲ್ಲಿ ಎರಡು ವಂಶ. ಜರ್ಮನಿಯ 1898ರ ಮೌಸರ್‌ನಿಂದ ಬಂದದ್ದು ತೋಟಾದ ಅಂಚನ್ನು ದೊಡ್ಡ ಉಗುರಿನಿಂದ ಮೊದಲೇ ಹಿಡಿದು ಒಳಗೆ ಒಯ್ಯುತ್ತದೆ. 1962ರ ರೆಮಿಂಗ್ಟನ್ 700 ಮಾದರಿಯದು ತೋಟಾವನ್ನು ಬರಿದೇ ತಳ್ಳುತ್ತದೆ. ಬೆನ್ನ ಮೇಲೆ ಮಲಗಿ, ವಾಲಿಕೊಂಡು, ಗಡಿಬಿಡಿಯಲ್ಲಿ ಬೋಲ್ಟ್ ಎಳೆಯಬೇಕಾದಾಗ ಮೊದಲನೆಯದು ಹೆಚ್ಚು ನಂಬಿಗಸ್ತ ಎಂದು ಹಳಬರು ಹೇಳುತ್ತಾರೆ. ಕರಡಿಯ ಎದುರು ನಿಲ್ಲುವವರಿಗೆ ಆ ಮಾತು ಸರಿ. ಉಳಿದವರಿಗೆ ಚೆನ್ನಾಗಿ ತಯಾರಾದ ಯಾವುದಾದರೂ ಆಗುತ್ತದೆ. ಅದಕ್ಕಿಂತ ಸುರಕ್ಷತಾ ಗುಂಡಿಯನ್ನು ನೋಡಿ: ಅದು ಟ್ರಿಗರನ್ನು ಮಾತ್ರವಲ್ಲ, ಬೋಲ್ಟನ್ನೂ ಬಿಗಿಯಬೇಕು. ಪೊದೆಗಳ ನಡುವೆ ನುಗ್ಗುವಾಗ ಕೊಂಬೆ ಸಿಕ್ಕಿ ಬೋಲ್ಟ್ ತೆರೆದುಕೊಂಡರೆ ತೋಟಾ ನೆಲಕ್ಕೆ, ಮಣ್ಣು ಒಳಕ್ಕೆ. ಹತ್ತುವಾಗ ನಳಿಗೆಯ ಹಿಂಬದಿಯಲ್ಲಿ ತೋಟಾ ಇಡಲೇಬಾರದು. ಅದು ರೈಫಲಿನ ತೋಟಾ ಪೆಟ್ಟಿಗೆಯಲ್ಲಿ (ಮ್ಯಾಗಜಿನ್) ಇರಲಿ, ಪ್ರಾಣಿ ಕಂಡು ಕುಳಿತ ಮೇಲೆ ಒಳಗೆ ಹೋಗಲಿ.

ನಳಿಗೆ 20ರಿಂದ 22 ಇಂಚು ಸಾಕು. ಹಗುರ ರೈಫಲಿನ ನಳಿಗೆ ತೆಳ್ಳಗಿರುತ್ತದೆ. ಎರಡು ಮೂರು ಗುಂಡಿಗೇ ಬಿಸಿಯಾಗಿ ಗುರಿ ಸರಿಯುತ್ತದೆ. ಅದಕ್ಕೆ ಹೆದರಬೇಕಿಲ್ಲ. ಬೇಟೆಯಲ್ಲಿ ಬೇಕಾಗುವುದು ತಣ್ಣನೆಯ ನಳಿಗೆಯ ಮೊದಲ ಗುಂಡು. ಕಾರ್ಬನ್ ನಾರು ಸುತ್ತಿದ ನಳಿಗೆ ಸುಂದರ, ದುಬಾರಿ, ಮತ್ತು ಅದೇ ತೂಕದ ತೆಳು ಉಕ್ಕಿನ ನಳಿಗೆ ಬಹಳ ಸಲ ಅಷ್ಟೇ ಕೆಲಸ ಮಾಡುತ್ತದೆ. ತುದಿಗೆ ಒದೆತ ಕಡಿಮೆ ಮಾಡುವ ಬ್ರೇಕ್ ಹಾಕಿಸುವವರು ಕಿವಿರಕ್ಷಕವಿಲ್ಲದೆ ಒಂದು ಗುಂಡನ್ನೂ ಹಾರಿಸಬಾರದು. ಆ ಸದ್ದು ಕಿವಿಗೆ ಮಾಡಿದ ಹಾನಿ ಮತ್ತೆ ಸರಿಯಾಗುವುದಿಲ್ಲ.

ನಿಖರತೆಯ ಹುಚ್ಚೂ ಬೇಡ. 100 ಗಜದಲ್ಲಿ ಒಂದೂವರೆ ಇಂಚಿನೊಳಗೆ ಮೂರು ಗುಂಡು ಬಿದ್ದರೆ 300 ಗಜದಲ್ಲಿ ಅದು ನಾಲ್ಕೂವರೆ ಇಂಚು. ಎಲ್ಕ್‌ನ ಹೃದಯ ಮತ್ತು ಶ್ವಾಸಕೋಶದ ಜಾಗ ಸುಮಾರು ಒಂದು ಅಡಿ.

ಹಿಡಿಯ ವಿಷಯ

ಆಷಾಢದಲ್ಲಿ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನು ಕಂಡ ಮಲೆನಾಡಿಗರಿಗೆ ನಳಿಗೆಯ ಕೆಳಗಿನಿಂದ ಭುಜದವರೆಗೆ ಬರುವ ಮರದ ಹಿಡಿಯ ಕಷ್ಟ ವಿವರಿಸಬೇಕಿಲ್ಲ. ಹಿಡಿ ಉಬ್ಬಿ ನಳಿಗೆಯನ್ನು ಒತ್ತಿದರೆ ಗುರಿ ಒಂದೆಡೆ, ಗುಂಡು ಇನ್ನೊಂದೆಡೆ. ವಾಲ್‌ನಟ್ ಮರದ ಅಂದ ನನಗೂ ಇಷ್ಟ, ಆದರೆ ಹಿಮ ಮತ್ತು ಮಳೆಯ ಬೆಟ್ಟಕ್ಕೆ ಗಟ್ಟಿ ಪ್ಲಾಸ್ಟಿಕ್, ಫೈಬರ್‌ಗ್ಲಾಸ್ ಅಥವಾ ಕಾರ್ಬನ್ ನಾರಿನ ಹಿಡಿಯೇ ಸರಿ. ಅಗ್ಗದ ಪ್ಲಾಸ್ಟಿಕ್ ಹಿಡಿಯ ಮುಂಭಾಗವನ್ನು ಬೆರಳಿನಿಂದ ಹಿಂಡಿ ನೋಡಿ; ಬಾಗಿ ನಳಿಗೆಗೆ ತಾಗಿದರೆ ಅದು ಬೇಡ. ಒಂದು ಕಾಗದದ ಹಾಳೆಯನ್ನು ನಳಿಗೆ ಮತ್ತು ಹಿಡಿಯ ನಡುವೆ ತೂರಿಸಿ ಹಿಂದಕ್ಕೆ ಎಳೆದರೆ ಎಲ್ಲೂ ತಡೆಯಬಾರದು. ಲೋಹದ ಭಾಗ ತುಕ್ಕು ಹಿಡಿಯದ ಉಕ್ಕಿನದಾಗಿರಲಿ ಅಥವಾ ಮೇಲ್ಪದರ ಬಳಿದದ್ದಾಗಿರಲಿ. ತುಕ್ಕು ಹಿಡಿಯದ ಉಕ್ಕಿಗೂ ತುಕ್ಕು ಹಿಡಿಯುತ್ತದೆ, ನಿಧಾನವಾಗಿ, ಅಷ್ಟೇ. ದಿನವೂ ಒರೆಸಲೇಬೇಕು.

ಅಮೆರಿಕದ ರೈಫಲ್‌ಗಳ ಹಿಡಿ ನಮ್ಮಲ್ಲಿ ಹಲವರ ತೋಳಿಗೆ ಉದ್ದ. ಟ್ರಿಗರಿನಿಂದ ಭುಜದ ಮೆತ್ತೆಯವರೆಗೆ ಸಾಮಾನ್ಯವಾಗಿ ಹದಿಮೂರೂವರೆ ಇಂಚಿಗೂ ಹೆಚ್ಚು ಇರುತ್ತದೆ. ಚಳಿಗೆ ದಪ್ಪ ಅಂಗಿ ಹಾಕಿದಾಗ ಅದು ಇನ್ನೂ ಉದ್ದವಾದಂತೆ. ಅಂಗಡಿಗೆ ಹೋಗುವಾಗ ಬೇಟೆಯ ಅಂಗಿ ತೊಟ್ಟೇ ಹೋಗಿ. ರೈಫಲ್ ಖಾಲಿಯಿದೆ ಎಂದು ಎರಡು ಸಲ ಖಚಿತಪಡಿಸಿಕೊಂಡು, ಅಂಗಡಿಯವರು ಹೇಳಿದ ಸುರಕ್ಷಿತ ದಿಕ್ಕಿಗೆ ಹಿಡಿದು, ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕಣ್ಣು ತೆರೆಯಿರಿ. ದುರ್ಬೀನಿನ ಇಡೀ ವೃತ್ತ ಒಮ್ಮೆಗೇ ಕಾಣಬೇಕು. ಕತ್ತು ಚಾಚಿ ಹುಡುಕಬೇಕಾದರೆ ಹಿಡಿ ನಿಮ್ಮದಲ್ಲ; ಕತ್ತರಿಸಿ ಗಿಡ್ಡ ಮಾಡಿಸಿ, ಇಲ್ಲವೇ ಬೇರೆ ನೋಡಿ. ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ. ಗಿಡ್ಡ ಹಿಡಿಯ ಮಾದರಿಗಳನ್ನು ಕೆಲವು ಕಂಪನಿಗಳು ಪ್ರತ್ಯೇಕವಾಗಿಯೇ ಮಾಡುತ್ತವೆ.

ದುರ್ಬೀನು ಮತ್ತು ಇಳಿಜಾರಿನ ಲೆಕ್ಕ

3ರಿಂದ 9 ಅಥವಾ 2ರಿಂದ 10 ಪಟ್ಟು, ಮುಂದಿನ ಗಾಜು 40 ಮಿಲಿಮೀಟರ್, ತೂಕ 400 ಗ್ರಾಂ ಒಳಗೆ. ಹಗುರ ರೈಫಲ್ ಜೋರಾಗಿ ಹಿಂದೆ ಬರುವುದರಿಂದ ಕಣ್ಣಿನಿಂದ ದುರ್ಬೀನಿಗೆ ಕನಿಷ್ಠ 90 ಮಿಲಿಮೀಟರ್ ಅಂತರದಲ್ಲಿ ಪೂರ್ತಿ ಚಿತ್ರ ಕಾಣಬೇಕು. ಇಲ್ಲದಿದ್ದರೆ ಹುಬ್ಬು ಸೀಳುತ್ತದೆ.

ಬೆಟ್ಟದಲ್ಲಿ ಮೇಲಕ್ಕೆ ಹೊಡೆದರೂ ಕೆಳಕ್ಕೆ ಹೊಡೆದರೂ ಗುಂಡು ನೀವೆಣಿಸಿದ್ದಕ್ಕಿಂತ ಮೇಲೆ ತಾಗುತ್ತದೆ. ಭೂಮಿಯ ಸೆಳೆತಕ್ಕೆ ಲೆಕ್ಕಕ್ಕೆ ಬರುವುದು ಅಡ್ಡ ದೂರ ಮಾತ್ರ. 30 ಡಿಗ್ರಿ ಇಳಿಜಾರಿನಲ್ಲಿ 300 ಮೀಟರ್ ಕಂಡರೆ ಗುರಿಯಿಡಬೇಕಾದದ್ದು 260 ಮೀಟರಿಗೆ. ಕೋನವನ್ನೂ ಲೆಕ್ಕ ಹಾಕುವ ದೂರಮಾಪಕ ಒಂದನ್ನು ಕೊಳ್ಳಿ. ರೈಫಲಿನಲ್ಲಿ ಉಳಿಸಿದ ಹಣವನ್ನು ಅಲ್ಲಿಗೆ ಹಾಕಿ.

ಹೆಸರುಗಳು

ಫಿನ್ಲೆಂಡಿನ ಟಿಕ್ಕಾ ಟಿ3ಎಕ್ಸ್ ಲೈಟ್, ಸುಮಾರು 2.9 ಕಿಲೋ, ಬೋಲ್ಟ್ ಬೆಣ್ಣೆಯಷ್ಟು ನಯ, ಬೆಲೆ ಸಾವಿರ ಡಾಲರಿನ ಆಸುಪಾಸು. ಮೊದಲ ರೈಫಲ್ ಕೊಳ್ಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅದಕ್ಕಿಂತ ಅಗ್ಗಕ್ಕೆ ರೂಗರ್ ಅಮೆರಿಕನ್ ಇದೆ. ನೋಟ ಒರಟು, ಗುಂಡು ನೇರ. ಮೌಸರ್ ವಂಶದ್ದೇ ಬೇಕೆನ್ನುವವರಿಗೆ ವಿಂಚೆಸ್ಟರ್ ಮಾಡೆಲ್ 70 ಫೆದರ್‌ವೇಟ್, 1952ರಿಂದ ಬಂದ ಹೆಸರು, ಮೂರು ಕಿಲೋಗೆ ಹತ್ತಿರ. ಕಿಂಬರ್ ಮೌಂಟನ್ ಅಸೆಂಟ್ ಗಿಡ್ಡ ತೋಟಾದಲ್ಲಿ 2.2 ಕಿಲೋ ಮಾತ್ರ. ವೆದರ್‌ಬಿ ಬ್ಯಾಕ್‌ಕಂಟ್ರಿ ಟಿಐ ಕೂಡ ಅದೇ ಸುತ್ತಿನದು. ಇವೆರಡೂ ಚೆನ್ನಾಗಿ ಹೊಡೆಯಲು ಕಲಿತವರ ರೈಫಲ್‌ಗಳು. ಕಲಿಯುವವರಿಗಲ್ಲ.

ಕೊಂಡ ಮೇಲೆ

ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಗುರಿ ಹೊಂದಿಸಿದ್ದು ಕೆಲಸದ ಅರ್ಧ. ಆಮೇಲೆ ಮೇಜು ಬಿಡಿ. ಕುಳಿತು, ಮಂಡಿಯೂರಿ, ಬೆನ್ನಿನ ಚೀಲದ ಮೇಲೆ ರೈಫಲ್ ಇಟ್ಟು ಹೊಡೆಯಿರಿ. ಹಗುರ ರೈಫಲಿನ ಮುಂಭಾಗವನ್ನು ಕೈಯಿಂದ ಕೆಳಕ್ಕೆ ಒತ್ತಿ ಹಿಡಿಯಬೇಕು, ಬಿಟ್ಟರೆ ಜಿಗಿಯುತ್ತದೆ. ಪ್ರತಿ ಅಭ್ಯಾಸದ ದಿನವೂ ತಣ್ಣನೆಯ ನಳಿಗೆಯ ಮೊದಲ ಗುಂಡು ಎಲ್ಲಿ ಬಿತ್ತೆಂದು ಬರೆದಿಡಿ. ಹತ್ತರಲ್ಲಿ ಒಂಬತ್ತು ಗುಂಡು ಎಂಟು ಇಂಚಿನ ವೃತ್ತದೊಳಗೆ ಬೀಳುವ ದೂರ ಯಾವುದೋ ಅದೇ ನಿಮ್ಮ ಬೇಟೆಯ ಮಿತಿ. 200 ಮೀಟರ್ ಆದರೆ 200. ಊರಿಗೆ ಬಂದಾಗ ಅಭ್ಯಾಸ ಬಿಡಬಾರದು ಎನ್ನುವವರಿಗೆ .177 ಬೋರಿನ, 20 ಜೂಲ್ ಮೀರದ ಏರ್ ರೈಫಲ್ ಸಾಕು, ಅದಕ್ಕೆ ಪರವಾನಗಿ ಬೇಡ. ಗುರಿ ಕಾಗದಕ್ಕೆ ಮಾತ್ರ, ಹಕ್ಕಿಗಲ್ಲ.

ಹಿಮದಲ್ಲಿ ಬೋಲ್ಟ್‌ನ ಒಳಗಿನ ದಪ್ಪ ಎಣ್ಣೆ ಗಟ್ಟಿಯಾಗಿ ತೋಟಾ ಸಿಡಿಸುವ ಮುಳ್ಳು ಮೆಲ್ಲಗೆ ಬಡಿಯುತ್ತದೆ. ಹೊರಡುವ ಮುನ್ನ ಅದನ್ನು ತೊಳೆದು ತೆಳುವಾಗಿ ಒರೆಸಿ. ನಳಿಗೆಯ ಬಾಯಿಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಅಂಟಿಸಿದರೆ ಹಿಮ, ಮಣ್ಣು ಒಳಹೋಗುವುದಿಲ್ಲ, ಹಾರಿಸುವಾಗ ತೆಗೆಯಬೇಕಿಲ್ಲ. ರಾತ್ರಿ ರೈಫಲನ್ನು ಬೆಚ್ಚಗಿನ ಡೇರೆಯೊಳಗೆ ತರಬೇಡಿ. ಗಾಜು ಮತ್ತು ಬೋಲ್ಟ್‌ನಲ್ಲಿ ಬೆವರು ಕಟ್ಟಿ ಬೆಳಗ್ಗೆ ಅದೇ ಮಂಜುಗಡ್ಡೆಯಾಗುತ್ತದೆ. ಖಾಲಿ ಮಾಡಿ, ಚೀಲದಲ್ಲಿಟ್ಟು ಹೊರಗಿನ ಚಳಿಯಲ್ಲೇ ಇಡಿ. ಕೊಲೊರಾಡೊದ ರೈಫಲ್ ಋತುವಿನಲ್ಲಿ ಸೊಂಟದಿಂದ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ ಮತ್ತು ಅದೇ ಬಣ್ಣದ ಟೋಪಿ ಕಡ್ಡಾಯ.

ಬೇರೆ ರಾಜ್ಯಕ್ಕೆ ವಿಮಾನದಲ್ಲಿ ಹೋಗುವುದಾದರೆ ರೈಫಲ್ ಖಾಲಿಯಾಗಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿರಬೇಕು, ಕೌಂಟರಿನಲ್ಲಿ ಹೇಳಿ ಲಗೇಜಿನಲ್ಲೇ ಕಳುಹಿಸಬೇಕು. ಇಳಿದ ಮೇಲೆ ನೇರ ಬೆಟ್ಟಕ್ಕೆ ಹೋಗಬೇಡಿ. ದುರ್ಬೀನಿನ ಬಳೆಗಳ ತಿರುಪು, ಹಿಡಿಯ ತಿರುಪು ತಯಾರಕರು ಹೇಳಿದಷ್ಟು ಬಿಗಿಯಿದೆಯೇ ನೋಡಿ, ಹತ್ತಿರದ ಶೂಟಿಂಗ್ ರೇಂಜ್‌ನಲ್ಲಿ ಎರಡು ಗುಂಡು ಹಾರಿಸಿ, ಗುರಿ ಇದ್ದಲ್ಲೇ ಇದೆ ಎಂದು ಖಚಿತವಾದ ಮೇಲೆ ದಾರಿ ಹಿಡಿಯಿರಿ.